ಎಡಗಾಲಿನ ಚಪ್ಪಲಿಯ ಕೊನೆಯ ಪುಟ

ಗೋಂದಕ್ಕನ ಕೈಯನ್ನು ಮೂಸಿ ನೋಡಿದರೆ ಸಾಕು, ಅವಳು ಮೂವತ್ತೆಂಟು ವರ್ಷ ಏನು ಕೆಲಸ ಮಾಡಿದಳೆಂದು ಯಾರು ಬೇಕಾದರೂ ಹೇಳಬಹುದಿತ್ತು. ಬೇಯಿಸಿದ ಮೈದಾ ಅಂಟಿನ ವಾಸನೆ, ಆ ಅಂಟಿಗೆ ಹುಳ ಬೀಳದಂತೆ ಬೆರೆಸುವ ಮೈಲುತುತ್ತದ ವಾಸನೆ, ದಾರಕ್ಕೆ ತಿಕ್ಕುವ ಮೇಣದ ವಾಸನೆ. ಯಾವ ಸೋಪಿಗೂ ಅದು ಜಗ್ಗುತ್ತಿರಲಿಲ್ಲ. ಮಕ್ಕಳ ಓದುಮನೆಯಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಗೋಂದಕ್ಕ ಎಂದು ಕರೆದದ್ದು ಮಕ್ಕಳು, ಅದೇ ನಿಂತಿತು.

ಓದುಮನೆ ಎಂದರೆ ದೊಡ್ಡ ಕಟ್ಟಡವೇನಲ್ಲ. ಕೆಳಗೆ ಬೀಗ ರಿಪೇರಿ ಅಂಗಡಿ, ಪಕ್ಕದಲ್ಲಿ ಮರದ ಮೆಟ್ಟಿಲು, ಮೇಲೆ ಉದ್ದನೆಯ ಒಂದು ಕೋಣೆ, ಅದರ ಹಿಂದೆ ಗೋಂದಕ್ಕನ ಪುಟ್ಟ ಕೋಣೆ. ಉದ್ದ ಕೋಣೆಯ ಕಪಾಟುಗಳೆಲ್ಲ ಮಕ್ಕಳ ಎದೆಯ ಎತ್ತರಕ್ಕೇ ಇದ್ದವು. ಅವನ್ನು ಮಾಡಿದವನು ಗೋಂದಕ್ಕನ ಗಂಡ, ಬಡಗಿ. ದೊಡ್ಡವರು ಪುಸ್ತಕ ತೆಗೆಯಬೇಕಾದರೆ ಬಗ್ಗಲೇಬೇಕು. ಬಗ್ಗಲಿ ಬಿಡು, ಇದು ಅವರ ಜಾಗವಲ್ಲ ಎಂದು ಅವನು ಹೇಳುತ್ತಿದ್ದನಂತೆ.

ಗೋಂದಕ್ಕನ ಕೆಲಸಕ್ಕೆ ಒಂದು ಕ್ರಮವಿತ್ತು, ಅದನ್ನು ಅವಳು ದೇವರ ಅಪ್ಪಣೆಯಂತೆ ಪಾಲಿಸುತ್ತಿದ್ದಳು. ಮೊದಲು ಹಳೆಯ ಹೊಲಿಗೆ ಬಿಚ್ಚಿ ಪುಸ್ತಕವನ್ನು ಫಾರಂ ಫಾರಂ ಆಗಿ, ಎಂದರೆ ಒಟ್ಟಿಗೆ ಮಡಿಸಿ ಹೊಲಿದ ಹಾಳೆಗಳ ಕಟ್ಟುಗಳಾಗಿ, ಬೇರೆ ಮಾಡುವುದು. ಆಮೇಲೆ ಮಕ್ಕಳು ಗೀಚಿದ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸುವುದು. ತೆಳ್ಳಗಿನ ಗಂಜಿ ಸವರಿ, ಸುಕ್ಕು ಬಿಡಿಸಿ, ಕಬ್ಬಿಣದ ಒತ್ತುಯಂತ್ರದಲ್ಲಿ ಎರಡು ದಿನ ಇಡುವುದು. ಕೊನೆಗೆ ಹೊಸ ಹೊಲಿಗೆ, ಹೊಸ ರಟ್ಟು. ಅವಳ ಕೈಯಿಂದ ಹೊರಬಂದ ಪುಟದ ಮೇಲೆ ಬೆರಳಾಡಿಸಿದರೆ ಒಂದು ಏರಿಳಿತವೂ ಸಿಗಬಾರದು. ಅದು ಅವಳ ಜಂಬ. ಆ ಜಂಬ ಅವಳಿಗೆ ಒಪ್ಪುತ್ತಿತ್ತು ಕೂಡ, ಅಂಥ ಕೆಲಸ ಅವಳದು. ಇನ್ನೊಂದು ನಿಯಮ: ರಿಪೇರಿ ಮಾಡುವವಳು ಓದಬಾರದು. ಓದುತ್ತ ಕೂತರೆ ದಿನಕ್ಕೆ ನಾಲ್ಕು ಪುಸ್ತಕ ಆಗುವ ಜಾಗದಲ್ಲಿ ಅರ್ಧವೂ ಆಗುವುದಿಲ್ಲ. ಹಾಗಾಗಿ ಸಾವಿರಾರು ಕತೆಗಳು ಅವಳ ಕೈಮೇಲೆ ಹಾದುಹೋದವು, ತಲೆಯೊಳಗೆ ಇಳಿದದ್ದು ಬೆರಳೆಣಿಕೆಯಷ್ಟು.

ಹಾಗೆ ಇಳಿದದ್ದರಲ್ಲಿ ಒಂದು ‘ಎಡಗಾಲಿನ ಚಪ್ಪಲಿ’. ಕೊಡೆ ತಾತನ ಪುಸ್ತಕ ಅದು.

ಕೊಡೆ ತಾತ ಎಂದರೆ ಮಕ್ಕಳಿಗೆ ಕತೆ ಬರೆಯುತ್ತಿದ್ದ ದೊಡ್ಡ ಹೆಸರಿನ ಲೇಖಕರು. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ ಇರುತ್ತಿತ್ತು, ಬಿಚ್ಚಿದ್ದನ್ನು ಕಂಡವರಿಲ್ಲ. ಓದುಮನೆಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೇಳದೆ ಕೇಳದೆ ಬರುತ್ತಿದ್ದರು. ಮಕ್ಕಳ ನಡುವೆ ನೆಲದ ಮೇಲೆ ಕೂತು, ತಮ್ಮದೇ ಪುಸ್ತಕ ಯಾರಾದರೂ ಓದುತ್ತಿದ್ದರೆ ಕದ್ದು ಮುಖ ನೋಡುತ್ತಿದ್ದರು. ‘ಎಡಗಾಲಿನ ಚಪ್ಪಲಿ’ಯಲ್ಲಿ ಒಂದು ಮಗುವಿನ ಕಾಲಿನಿಂದ ಎಡಗಡೆಯ ಚಪ್ಪಲಿ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬೀಳುತ್ತದೆ. ನಾಯಿಯ ಬಾಯಿಗೆ, ಕಾಲುವೆಗೆ, ಮರಳು ಲಾರಿಗೆ ಸಿಕ್ಕಿ ಊರೂರು ಸುತ್ತುತ್ತದೆ. ಕೊನೆಗೆ ಒಂದು ಹೊಳೆಯ ದಂಡೆ ಸೇರಿ ಕಪ್ಪೆಯೊಂದಕ್ಕೆ ಮನೆಯಾಗಿ ನೆಮ್ಮದಿಯಾಗಿರುತ್ತದೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಈ ಕತೆಯನ್ನು ಗೋಂದಕ್ಕ ಓದಿ ತಿಳಿದದ್ದಲ್ಲ. ಮಗಳ ಬಾಯಿಂದ ಕೇಳಿದ್ದು.

ಕೆಲಸಕ್ಕೆ ಸೇರಿದಾಗ ಮಗಳಿಗೆ ಒಂದು ವರ್ಷ. ನೋಡಿಕೊಳ್ಳುವವರಿಲ್ಲದೆ ಜೊತೆಗೇ ಕರೆತರುತ್ತಿದ್ದಳು. ಆ ಕೂಸು ಬೆಳೆದದ್ದೇ ಅಮ್ಮನ ಮೇಜಿನ ಕೆಳಗೆ, ರಟ್ಟಿನ ಚೂರುಗಳ ನಡುವೆ. ಕೈಕಾಲು ಕಡ್ಡಿ, ಕೋಪವೂ ಕಡ್ಡಿ ಗೀರಿದಂತೆ ಭಗ್ಗನೆ. ಅದಕ್ಕೇ ಅಪ್ಪ ಅವಳನ್ನು ಕಡ್ಡಿ ಎಂದು ಕರೆದ. ಕಡ್ಡಿಗೆ ಐದು ವರ್ಷಕ್ಕೇ ಓದು ಬಂತು. ಅಮ್ಮ ಓದದ ಪುಸ್ತಕಗಳನ್ನೆಲ್ಲ ಅವಳು ಓದಿ, ಅಂಟು ಹಚ್ಚುತ್ತಿದ್ದ ಅಮ್ಮನ ಕಾಲಿಗೆ ಒರಗಿ ಹೇಳುತ್ತಿದ್ದಳು. ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ತಾಯಂದಿರಿಗೆ ಕೇಳಿಸುವುದೇ ಅಷ್ಟು, ಕೈ ಖಾಲಿ ಇದ್ದರೆ ತಾನೇ.

ಎಂಟು ವರ್ಷಕ್ಕೆ ಕಡ್ಡಿ ಜ್ವರ ಬಂದು ಹೋಗಿಬಿಟ್ಟಳು. ಮಂಗಳವಾರ ಬೆಳಿಗ್ಗೆ ಮೈ ಬಿಸಿ ಎಂದಳು, ಶನಿವಾರ ಆಸ್ಪತ್ರೆಯ ಕಬ್ಬಿಣದ ಮಂಚ ಖಾಲಿ. ಐದು ದಿನ, ಅಷ್ಟೇ.

ಮೂರು ವಾರ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತ ಗೋಂದಕ್ಕ ಆಮೇಲೆ ಕೆಲಸಕ್ಕೆ ಬಂದಳು. ಬಂದವಳು ಅಲ್ಲೇ ಬೇರು ಬಿಟ್ಟಳು. ಬಡಗಿಗೆ ಆ ಊರು ಸಾಕಾಗಿತ್ತು. ಯಾವ ಬೀದಿಗೆ ಹೋದರೂ ಮಗಳು ಕೈ ಹಿಡಿದು ಎಳೆದ ಹಾಗಾಗುತ್ತೆ, ಬೇರೆ ಊರಿಗೆ ಹೋಗೋಣ, ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕೊಡ್ತಾರಂತೆ ಎಂದು ಅಂಗಲಾಚಿದ. “ಅವಳು ಓಡಾಡಿದ ಜಾಗ ಬಿಟ್ಟು ನಾನೆಲ್ಲಿಗೂ ಬರಲ್ಲ” ಎಂದಳು ಗೋಂದಕ್ಕ. ವರ್ಷ ತುಂಬುವುದರೊಳಗೆ ಅವನೊಬ್ಬನೇ ಹೋದ. ಜಗಳವಿಲ್ಲ, ಬೈಗುಳವಿಲ್ಲ. ಆರು ವರ್ಷ ಕಾಗದ ಬರೆದ. ಕೆಲಸದ ವಿಷಯ, ಊಟದ ವಿಷಯ ಏನೇ ಬರೆದರೂ ಕೊನೆಯ ಸಾಲು ಮಾತ್ರ ಒಂದೇ: ಬಾ. ಇವಳು ಉತ್ತರದಲ್ಲಿ ಆರೋಗ್ಯ ನೋಡಿಕೊಳ್ಳಿ ಎಂದು ಬರೆಯುತ್ತಿದ್ದಳು. ಏಳನೆಯ ವರ್ಷ ಕಾರ್ಖಾನೆಯಿಂದಲೇ ಒಂದು ಕಾಗದ ಬಂತು, ಎದೆನೋವು ಎಂದು. ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದು ವಾರವಾಗಿತ್ತು.

ಗೋಂದಕ್ಕ ಆಗಲೂ ಅತ್ತ ಹೋಗಲಿಲ್ಲ. ತಾನು ಕದಲದೆ ಕೂತಿದ್ದರೆ ಮಗಳ ಪಾಲಿಗೆ ನಿಯತ್ತಾಗಿದ್ದ ಹಾಗೆ ಎಂದು ಅವಳ ಲೆಕ್ಕ. ಯಾರಿಗೂ ಹೇಳಿದವಳಲ್ಲ, ಆದರೆ ಒಳಗೆ ಅದನ್ನೇ ನಂಬಿದ್ದಳು.

ಇದೆಲ್ಲ ಆಗಿ ಮೂವತ್ತೊಂದು ವರ್ಷ. ಈಗ ಗೋಂದಕ್ಕನಿಗೆ ಅರವತ್ತೆರಡು. ಕೊಡೆ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಇದ್ದಾಗ ಅವರ ಪುಸ್ತಕಕ್ಕೆ ಒಂದು ಬನ್ನಿನ ಬೆಲೆ. ಸತ್ತಮೇಲೆ ನೋಡಿ, ಚೀಲದ ಮೇಲೆ ಚಪ್ಪಲಿಯ ಚಿತ್ರ, ಮಗ್ಗಿನ ಮೇಲೆ ಕಪ್ಪೆಯ ಚಿತ್ರ. ಮೊದಲ ಮುದ್ರಣದ ಪ್ರತಿಗಳನ್ನು ಸಿರಿವಂತರು ಹುಡುಕಿ ಹುಡುಕಿ ಕೊಂಡು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದರು. ಹರಾಜಿನಲ್ಲಿ ಒಂದು ಪ್ರತಿ ಎರಡು ಕೋಣೆಯ ಮನೆ ಕೊಳ್ಳುವಷ್ಟು ದುಡ್ಡಿಗೆ ಹೋಯಿತೆಂದು ಪತ್ರಿಕೆಯಲ್ಲಿ ಬಂತು.

ಓದುಮನೆಯನ್ನು ನೋಡಿಕೊಳ್ಳುತ್ತಿದ್ದ ಮೇಡಂ ಆ ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಹಿಂದಿನ ಕೋಣೆಗೆ ಓಡಿಬಂದರು. ಕಟ್ಟಡದ ಮಾಲೀಕರು ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ ಎಂದು ಕೂತಿದ್ದರು. ಮೇಡಂ ಆ ಚಿಂತೆಯಲ್ಲಿ ಸೊರಗಿ ಹೋಗಿದ್ದರು.

“ಅಕ್ಕಾ, ನಮ್ಮ ಹತ್ರ ‘ಎಡಗಾಲಿನ ಚಪ್ಪಲಿ’ ಮೊದಲ ಮುದ್ರಣದ್ದೇ ಇದೆ ಅಲ್ವಾ? ತಾತ ತಾವೇ ಕೊಟ್ಟಿದ್ದು?”

“ಇದೆ. ಮೂರು ಸಲ ರಟ್ಟು ಹಾಕಿದೀನಿ ಅದಕ್ಕೆ.”

“ಬೆಲೆ ಕಟ್ಟೋರು ಒಬ್ಬರು ಬರ್ತೀನಿ ಅಂದಿದಾರೆ. ಒಳ್ಳೆ ಬೆಲೆ ಬಂದ್ರೆ ಹತ್ತು ವರ್ಷ ನಮ್ಮನ್ನ ಯಾರೂ ಅಲ್ಲಾಡಿಸೋಕಾಗಲ್ಲ.”

ಬೆಲೆ ಕಟ್ಟುವವನು ಗುರುವಾರ ಹತ್ತು ಗಂಟೆಗೆ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಹಾಕಿದ ಅಂಗಿ, ಕೈಗೆ ಬಿಳಿ ಹತ್ತಿಯ ಕೈಗವಸು. ಪುಸ್ತಕ ಮುಟ್ಟುವುದಕ್ಕೆ ಕೈಗವಸು ಹಾಕಿಕೊಳ್ಳುವವರನ್ನು ಗೋಂದಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಮನಸ್ಸಿನಲ್ಲೇ ಅವನಿಗೆ ಬೆಲೆಯಪ್ಪ ಎಂದು ಹೆಸರಿಟ್ಟು, ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು. ತನ್ನ ಕೆಲಸವನ್ನು ಯಾರೋ ಪರೀಕ್ಷೆ ಮಾಡುತ್ತಾರೆಂದರೆ ಎದುರಿಗಿರಬೇಡವೇ?

ಬೆಲೆಯಪ್ಪ ಪುಸ್ತಕವನ್ನು ತಿರುವಿ ನೋಡಿದ. ಹೊದಿಕೆ ಇಲ್ಲ, ಮೂಲ ರಟ್ಟಿಲ್ಲ. ಅಂಚು ಕತ್ತರಿಸಿ ಸಮ ಮಾಡಲಾಗಿದೆ. ಹರಿದ ಎಂಟು ಪುಟಗಳ ಜಾಗಕ್ಕೆ ನಾಲ್ಕನೆಯ ಮುದ್ರಣದ ಪುಟ ಸೇರಿಸಲಾಗಿದೆ. ಒಂದೊಂದನ್ನೂ ಮೆಲ್ಲಗೆ ಹೇಳಿದ, ಬೇಸರ ಮಾಡಿಕೊಂಡೇ ಹೇಳಿದ. “ಅಮ್ಮಾ, ಇದನ್ನ ರಿಪೇರಿ ಮಾಡದೆ ಹರಿದ ಹಾಗೇ ಬಿಟ್ಟಿದ್ರೂ ಒಂದಷ್ಟು ಬೆಲೆ ಬರ್ತಿತ್ತು.”

ಗೋಂದಕ್ಕನಿಗೆ ಉರಿದುಹೋಯಿತು. “ಹರಿದಿದ್ದನ್ನ ಹಾಗೇ ಬಿಟ್ಟಿದ್ರೆ ಮಕ್ಕಳು ಏನು ಓದ್ತಿದ್ವು ಸ್ವಾಮಿ, ನಿಮ್ಮ ಬೆಲೆ ಚೀಟೀನಾ? ಹಿಂದೆ ತಾರೀಖು ಹೊಡೆದಿರೋ ಹಾಳೆ ನೋಡಿ. ಹನ್ನೊಂದು ಹಾಳೆ ಆಗಿದೆ. ಒಂದೊಂದು ಮೊಹರೂ ಒಂದೊಂದು ಮಗು. ಯಾರೂ ಓದದ ಪುಸ್ತಕಕ್ಕೆ ಮನೆ ಬೆಲೆ, ಊರೆಲ್ಲ ಓದಿದ್ದಕ್ಕೆ ಗುಜರಿ ಬೆಲೆ! ಚೆನ್ನಾಗಿದೆ ನಿಮ್ಮ ತಕ್ಕಡಿ.”

“ನೀವು ಹೇಳೋದು ಸರಿನೇ ಅಮ್ಮಾ” ಎಂದ ಬೆಲೆಯಪ್ಪ. ಮುಖ ಸಣ್ಣದಾಗಿತ್ತು. “ಕೊಳ್ಳೋರು ಕೇಳೋದು ಅದನ್ನಲ್ಲ, ನಾನೇನು ಮಾಡ್ಲಿ. ಆದ್ರೆ ನಾನು ಇಷ್ಟು ದೂರ ಬಂದಿದ್ದು ಮೊದಲ ಮುದ್ರಣಕ್ಕಲ್ಲ. ಇದರ ಕೊನೇ ಪುಟಕ್ಕೆ.”

ಕೊಡೆ ತಾತನ ದಿನಚರಿಗಳು ಅವನ ಕೈಗೆ ಬಂದಿದ್ದವು. ಅದರಲ್ಲಿನ ಒಂದು ಪುಟದ ಚಿತ್ರವನ್ನು ಫೋನಿನಲ್ಲಿ ತೆಗೆದು ಮೇಡಂಗೆ ಓದಿ ಹೇಳಿದ:

“‘ಇಂದು ಓದುಮನೆಗೆ ಹೋಗಿದ್ದೆ. ಮೇಜಿನ ಕೆಳಗಿಂದ ಒಬ್ಬ ಕಡ್ಡಿಯಂಥ ಹುಡುಗಿ ಎದ್ದುಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಎಡಗಾಲಿನ ಚಪ್ಪಲಿ ಊರು ಸುತ್ತಿ ಸುಖವಾಗಿದೆ, ಬಲಗಾಲಿನದು ಮನೆ ಬಾಗಿಲಲ್ಲಿ ಒಂದೇ ಬಿದ್ದಿದೆಯಲ್ಲ, ಅದರ ಗತಿ ಏನು ತಾತ ಎಂದಳು. ಹದಿನೇಳು ಪುಸ್ತಕ ಬರೆದ ಮಹಾಶಯನಿಗೆ ಬಾಯಿ ಕಟ್ಟಿತು. ಕೊನೆಗೆ ಅವಳೇ ಹೇಳಿದಳು. ಹೇಳಿದ ಹಾಗೇ, ಅವಳ ಮಾತಿನಲ್ಲೇ, ಕೈಗೆ ಸಿಕ್ಕ ಪೆನ್ಸಿಲಿನಿಂದ ಓದುಮನೆಯ ಪ್ರತಿಯ ಕೊನೆಯ ಪುಟದಲ್ಲಿ ಬರೆದಿಟ್ಟು ಬಂದೆ. ಮುಂದಿನ ಮುದ್ರಣದಲ್ಲಿ ಸೇರಿಸಬೇಕು. ಈ ಪುಸ್ತಕಕ್ಕೆ ಏನಾದರೂ ಬೆಲೆ ಇದ್ದರೆ ಅದು ಈ ಹತ್ತು ಸಾಲಿಗೆ.’”

ಮೇಡಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

“ತಾರೀಖು ಎಷ್ಟು?” ಎಂದಳು ಗೋಂದಕ್ಕ.

ಅವನು ಹೇಳಿದ. ಅದೊಂದು ಸೋಮವಾರ. ಮಂಗಳವಾರ ಬೆಳಿಗ್ಗೆ ಮೈ ಬಿಸಿ ಎಂದಿದ್ದಳಲ್ಲ, ಅದರ ಹಿಂದಿನ ದಿನ.

ಆ ಸೋಮವಾರ ಗೋಂದಕ್ಕನಿಗೆ ನೆನಪಿರದೆ ಏನು. ಶಾಲೆ ಶುರುವಾಗುವ ತಿಂಗಳು, ಮೇಜಿನ ಮೇಲೆ ಹರಿದ ಪುಸ್ತಕಗಳ ಗುಡ್ಡೆ. ಸಂಜೆ ಕಡ್ಡಿ ಸೆರಗು ಜಗ್ಗಿ ಜಗ್ಗಿ ಕುಣಿಯುತ್ತಿದ್ದಳು. “ಅಮ್ಮಾ, ತಾತ ನನ್ನ ಮಾತು ಪುಸ್ತಕದಲ್ಲಿ ಬರ್ಕೊಂಡ್ರು. ಹೇಳ್ಲಾ? ಹೇಳ್ಲಾ ಅಮ್ಮಾ?” ಅಂಟು ಒಣಗಿಹೋಗುತ್ತಿತ್ತು. “ನಾಳೆ ಹೇಳೋವಂತೆ ಕಣೇ, ಕೈ ಬಿಡುವಿಲ್ಲ” ಎಂದಿದ್ದಳು ಗೋಂದಕ್ಕ. ಕಡ್ಡಿ ಮೂತಿ ಉಬ್ಬಿಸಿ ಮೇಜಿನ ಕೆಳಗೆ ಹೋಗಿ ಕೂತಿದ್ದಳು. ಮಾರನೆಯ ದಿನ ಜ್ವರ. ಮಕ್ಕಳು ಏನೇನೋ ಹೇಳುತ್ತವೆ, ಆಟದ ಮಾತು ಎಂದುಕೊಂಡು ಅಮ್ಮ ಆ ಮಾತನ್ನೇ ಮರೆತಳು. ನೆನಪಾಗಿದ್ದು ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಕಡ್ಡಿಗೆ ಮಾತಿರಲಿಲ್ಲ.

“ಅವಳು ನನ್ನ ಮಗಳು” ಎಂದಳು ಗೋಂದಕ್ಕ. “ಪುಟ ತೆಗೀರಿ. ಏನು ಹೇಳಿದ್ಲು, ಓದಿ.”

ಬೆಲೆಯಪ್ಪ ಮೇಡಂ ಮುಖ ನೋಡಿದ. ಮೇಡಂ ನೆಲ ನೋಡಿದರು. ಅವನು ಕೊನೆಯ ಪುಟ ತೆಗೆದ. ಕಪ್ಪೆಯ ಚಿತ್ರ, ಎರಡು ಸಾಲು ಅಚ್ಚು, ಕೆಳಗೆ ಅರ್ಧ ಪುಟ ಖಾಲಿ. ಬೆಳ್ಳಗೆ, ನುಣ್ಣಗೆ, ಗೋಂದಕ್ಕನ ಕೈಯಿಂದ ಬಂದ ಎಲ್ಲ ಪುಟಗಳ ಹಾಗೆ.

“ಅಳಿಸಿದಾರೆ ಅಂತ ನಂಗೆ ಗೊತ್ತಿತ್ತಮ್ಮಾ. ಆದ್ರೆ ಪೆನ್ಸಿಲ್ ಒತ್ತಿದ ಗುರುತು ಕಾಗದದಲ್ಲಿ ಉಳಿದಿರುತ್ತೆ, ಓರೆಯಾಗಿ ಬೆಳಕು ಬಿಟ್ರೆ ಓದಬಹುದು. ಆ ಆಸೆಗೇ ಬಂದೆ.” ಕಿಟಕಿ ಮುಚ್ಚಿಸಿ, ಪುಟದ ಮಟ್ಟಕ್ಕೆ ಟಾರ್ಚು ಹಿಡಿದ. ಆ ಕಡೆಯಿಂದ, ಈ ಕಡೆಯಿಂದ, ಮೇಲಿನಿಂದ. ಮೂವರೂ ಬಗ್ಗಿ ನೋಡಿದರು. ಪುಟ ಮಾತನಾಡಲಿಲ್ಲ.

“ಇಷ್ಟು ಚೊಕ್ಕವಾಗಿ ಅಳಿಸಿರೋದನ್ನ ನಾನೆಲ್ಲೂ ನೋಡಿಲ್ಲ” ಎಂದ, ತನಗೇ ಹೇಳಿಕೊಂಡವನ ಹಾಗೆ. “ಗಂಜಿ ಹಚ್ಚಿ ಒತ್ತಿಬಿಟ್ಟಿದಾರೆ. ಒಂದು ಗೆರೆ ಉಳಿದಿಲ್ಲ.”

ಹೊಗಳಿಕೆ ಎಂದರೆ ಹೊಗಳಿಕೆ. ಜೀವಮಾನದಲ್ಲಿ ಅವಳ ಕೆಲಸ ಬಲ್ಲವನೊಬ್ಬ ಕೊಟ್ಟ ಮೊದಲ ಸರ್ಟಿಫಿಕೇಟು.

“ನಾನೇ ಅಳಿಸಿದ್ದು” ಎಂದಳು ಗೋಂದಕ್ಕ.

ಅವಳೇ ಹೇಳತೊಡಗಿದಳು, ನ್ಯಾಯಾಧೀಶರ ಮುಂದೆ ನಿಂತವಳ ಹಾಗೆ. ಮೂರು ವಾರದ ಮೇಲೆ ಕೆಲಸಕ್ಕೆ ಬಂದಳಲ್ಲ, ಮೊದಲ ದಿನದ ರಾಶಿಯಲ್ಲೇ ಆ ಪುಸ್ತಕ ಇತ್ತು. ಕಣ್ಣಲ್ಲಿ ನೀರು ತುಂಬಿ ಅಕ್ಷರವೆಲ್ಲ ಮಸುಕು. ಯಾರೋ ಗೀಚಿದ್ದಾರೆ ಎಂದು ರಬ್ಬರು ತೆಗೆದುಕೊಂಡು ತಿಕ್ಕಿದಳು, ತಿಕ್ಕಿದಳು. ಓದಲಿಲ್ಲ. ಓದುವುದು ನಿಯಮವಲ್ಲವಲ್ಲ. ಬೇರೆ ಯಾವ ದಿನವಾದರೂ ತಾತನ ಅಕ್ಷರ ಗುರುತು ಸಿಗುತ್ತಿತ್ತೋ ಏನೋ. ಆವತ್ತು ಸಿಗಲಿಲ್ಲ.

“ತಾತಂಗೆ ಗೊತ್ತಾಯ್ತಾ?” ಎಂದು ಕೇಳಿದಳು. “ನೀವು ಅಳಿಸಿದಾರೆ ಅಂತ ಗೊತ್ತಿತ್ತು ಅಂದ್ರಲ್ಲ. ಹೇಗೆ ಗೊತ್ತಾಯ್ತು? ಅದನ್ನೂ ಓದಿ.”

“ಬೇಡಮ್ಮಾ. ಆ ತಾಯಿ ಈಗಲೂ ಇಲ್ಲೇ ಇದಾರೆ ಅಂತ ನಂಗೆ ಗೊತ್ತಿರಲಿಲ್ಲ.”

“ಓದಪ್ಪ. ಇನ್ನು ಕೇಳದೆ ಇರೋಕೆ ನನ್ನಲ್ಲಿ ಏನು ಉಳಿದಿದೆ.”

ಅವನು ಓದಿದ. ನಾಲ್ಕು ತಿಂಗಳ ಮೇಲಿನ ದಿನಚರಿ ಅದು. “‘ಕಡ್ಡಿ ಹುಡುಗಿ ಇಲ್ಲ ಎಂದು ಇಂದು ತಿಳಿಯಿತು. ಸಾಲುಗಳನ್ನು ಬರೆದುಕೊಳ್ಳೋಣವೆಂದು ಪುಸ್ತಕ ತೆಗೆದರೆ ಪುಟ ಬರಿದು. ರಿಪೇರಿ ಮಾಡಿದವಳು ಅವಳ ತಾಯಿ. ಎದುರಿಗೇ ಕೂತು ಇನ್ನೊಂದು ಪುಸ್ತಕ ಹೊಲಿಯುತ್ತಿದ್ದಳು. ತುಂಬಾ ಅಚ್ಚುಕಟ್ಟಾಗಿದೆಯಮ್ಮ ಎಂದು ಹೇಳಿ ಎದ್ದುಬಂದೆ. ಇನ್ನೇನು ಹೇಳಲಿ? ಈ ವಿಷಯ ಅವಳಿಗೆ ತಿಳಿಯಲೇಬಾರದು. ಮನೆಗೆ ಬಂದು ನೆನಪಿನಿಂದ ಬರೆಯಲು ನೋಡಿದೆ. ಬರೆದದ್ದೆಲ್ಲ ನನ್ನ ಮಾತಾಗುತ್ತದೆ, ಆ ಮಗುವಿನದು ಬರುವುದಿಲ್ಲ. ಹರಿದು ಹಾಕಿದೆ. ಪುಸ್ತಕ ಹೇಗಿದೆಯೋ ಹಾಗೇ ಇರಲಿ.’”

ಗೋಂದಕ್ಕನಿಗೆ ಆ ದಿನವೂ ನೆನಪಾಯಿತು. ಅಚ್ಚುಕಟ್ಟಾಗಿದೆ ಎಂದಾಗ ಅವಳು ಹಿಗ್ಗಿದ್ದಳು. ಮಗಳು ಹೋದಮೇಲೆ ಮನಸ್ಸಿಗೆ ಹಿತವಾದ ಮೊದಲ ಮಾತು ಅದೇ. ಎಷ್ಟೋ ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಈಗ ಅದೂ ಹೋಯಿತು.

ಅವಳು ಅಳಲಿಲ್ಲ. ಪುಸ್ತಕವನ್ನು ಬೆಲೆಯಪ್ಪನ ಕೈಯಿಂದ ತೆಗೆದುಕೊಂಡು, ಮಗುವಿನ ಬೆನ್ನು ಸವರುವಂತೆ ಅದರ ಬೆನ್ನು ಸವರಿದಳು. ಸವರಿದವಳು ನಿಂತಳು. ಹೆಬ್ಬೆರಳನ್ನು ಮತ್ತೆ ಮೇಲಿಂದ ಕೆಳಕ್ಕೆ ಎಳೆದಳು.

“ಬೆನ್ನು ದಪ್ಪ ಇದೆ” ಎಂದಳು.

“ಏನಕ್ಕಾ?”

“ಕೊನೇ ಫಾರಂನಲ್ಲಿ ಹಳೇ ದಾರ ಹಾಗೇ ಇದೆ. ನಾನು ಬಿಚ್ಚಿಲ್ಲ. ಅದರ ಮೇಲೇ ಹೊಸ ಹೊಲಿಗೆ ಹಾಕಿದೀನಿ.” ಮೂವತ್ತೆಂಟು ವರ್ಷದಲ್ಲಿ ಅವಳು ಮಾಡಿದ ಒಂದೇ ಒಂದು ಅರೆಬರೆ ಕೆಲಸ ಅದು. ಆ ದಿನ ಕೈಯಲ್ಲಿ ತ್ರಾಣವಿರಲಿಲ್ಲ. ಆಮೇಲೆ ಎರಡು ಸಲ ಹೊಸ ರಟ್ಟು ಹಾಕಿದಾಗಲೂ ಒಳಗಿನ ಹೊಲಿಗೆ ಗಟ್ಟಿಯಿದ್ದದ್ದರಿಂದ ಮುಟ್ಟಿರಲಿಲ್ಲ. “ಬಿಚ್ಚದೆ ಅಳಿಸಿದ್ರೆ ರಬ್ಬರು ಒಳಮೂಲೆಗೆ ಹೋಗಲ್ಲ. ಗಂಜೀನೂ ಹೋಗಲ್ಲ. ತಾತ ಅಂಚಿನ ತನಕ ಬರೆದಿದ್ರೆ, ಮಡಿಕೆಯೊಳಗೆ ಸ್ವಲ್ಪ ಇರಬೇಕು.”

ಬೆಲೆಯಪ್ಪ ಬೆಚ್ಚಿಬಿದ್ದ. “ಬಿಚ್ಚಿದ್ರೆ ಈಗ ಇರೋ ಅಷ್ಟಿಷ್ಟು ಬೆಲೆಯೂ ಹೋಗುತ್ತಮ್ಮಾ. ಮಡಿಕೆಯಲ್ಲಿ ಪೂರ್ತಿ ಸಾಲು ಇರಲ್ಲ, ಒಂದೊಂದು ಪದ ಇದ್ರೆ ಹೆಚ್ಚು. ಅದಕ್ಕೆ ಯಾರೂ ದುಡ್ಡು ಕೊಡಲ್ಲ.”

ಗೋಂದಕ್ಕ ಮೇಡಂ ಕಡೆ ತಿರುಗಿದಳು. ಪುಸ್ತಕ ಓದುಮನೆಯದು. ಓದುಮನೆ ಉಳಿಯಲು ಇದ್ದದ್ದು ಆ ಅಷ್ಟಿಷ್ಟೇ. ಬಾಯಿಬಿಟ್ಟು ಕೇಳಲು ಅವಳಿಂದ ಆಗಲಿಲ್ಲ, ಕಣ್ಣಲ್ಲೇ ಕೇಳಿದಳು.

ಮೇಡಂ ಡ್ರಾಯರಿನಿಂದ ಕತ್ತರಿ ತೆಗೆದು ಅವಳ ಮುಂದೆ ಇಟ್ಟರು. “ನೀವು ಹೊಲಿದಿದ್ದು ಅಕ್ಕಾ. ನೀವೇ ಬಿಚ್ಚಿ.”

ಕತ್ತರಿ ಅವಳಿಗೆ ಬೇಕಾಗಲಿಲ್ಲ. ದಬ್ಬಳದ ತುದಿಯಿಂದ ಒಂದೊಂದೇ ಗಂಟನ್ನು ಎಬ್ಬಿಸಿ, ಮೇಣ ಹಚ್ಚಿದ ದಾರವನ್ನು ಎಳೆದಳು. ಹೊಸ ಹೊಲಿಗೆ ಬಂತು. ಅದರ ಕೆಳಗಿನ ಹಳೆಯ ಹೊಲಿಗೆ, ಮುಟ್ಟಿದರೆ ಪುಡಿಯಾಗುವಂಥದ್ದು, ಅದೂ ಬಂತು. ಕೊನೆಯ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದಳು. ಮಡಿಕೆಯಲ್ಲಿ ಹಳದಿ ಬಣ್ಣಕ್ಕೆ ತಿರುಗಿದ, ಬೆರಳಗಲದ ಒಂದು ಪಟ್ಟಿ. ಅದರಲ್ಲಿ ಪೆನ್ಸಿಲು.

ಹೆಚ್ಚಿನದೆಲ್ಲ ತುಂಡು ಅಕ್ಷರ; ಒಂದು ಕೊಂಬು, ಒಂದು ಒತ್ತು, ಅರ್ಥವಾಗದ ಗೀರು. ಪೂರ್ತಿ ಉಳಿದಿದ್ದು ಎರಡೇ ಪದ. ಮೇಲಿನಿಂದ ಎರಡನೆಯ ಸಾಲಿನ ಕೊನೆಯಲ್ಲಿ, ‘ಕಾಯಲಿಲ್ಲ’. ಎಲ್ಲಕ್ಕಿಂತ ಕೆಳಗೆ, ‘ಹೊರಟೇಬಿಡ್ತು’.

ತಾತ ಹೇಳಿದ್ದರಲ್ಲ, ಅವಳ ಮಾತಿನಲ್ಲೇ ಬರೆದೆ ಎಂದು. ಹೊರಟೇಬಿಡ್ತು ಎನ್ನುವಾಗ ಕಡ್ಡಿ ಎರಡೂ ಕೈಯನ್ನು ಹೇಗೆ ಬೀಸಿರಬಹುದೆಂದು ಗೋಂದಕ್ಕನಿಗೆ ಕಣ್ಣಿಗೆ ಕಟ್ಟಿತು. ಬಾಗಿಲಲ್ಲಿ ಉಳಿದ ಬಲಗಾಲಿನ ಚಪ್ಪಲಿ ಕಾಯಲಿಲ್ಲ. ನಡುವೆ ಏನೇನೋ ಆಯಿತು, ಅದನ್ನು ಅವಳ ಅಮ್ಮ ಅಳಿಸಿದಳು. ಕೊನೆಗೆ ಆ ಚಪ್ಪಲಿ ಹೊರಟೇಬಿಟ್ಟಿತು.

ಅವಳು ಆಗ ಅತ್ತಳು. ಮೇಜಿನ ಅಂಚನ್ನು ಹಿಡಿದುಕೊಂಡು, ಕರುಳು ಕಿತ್ತುಬರುವ ಹಾಗೆ ಅತ್ತಳು. “ಬಾ ಬಾ ಅಂತ ಆರು ವರ್ಷ ಕರೆದ್ರಮ್ಮಾ ಅವರು” ಎಂದಳು ಮೇಡಂಗೆ. “ಮಗಳಿಗೋಸ್ಕರ ನಾನು ಹೋಗಲ್ಲ ಅಂತ ಇಲ್ಲೇ ಕೂತೆ. ಇವಳು ನೋಡಿದ್ರೆ ಹೋಗು ಅಂತ ಹೇಳೋಕೆ ಬಂದಿದ್ಲು. ಸೆರಗು ಹಿಡ್ಕೊಂಡು ಬಂದಿದ್ಲು. ನಾಳೆ ಅಂದೆ ನಾನು.” ಎಂಟು ವರ್ಷದ ಮಗು ಅಷ್ಟೆಲ್ಲ ಯೋಚಿಸಿ ಹೇಳಿರಲಿಕ್ಕಿಲ್ಲ, ಚಪ್ಪಲಿಯ ಕತೆ ಹೇಳಿತ್ತು ಅಷ್ಟೇ, ಎಂದು ಸಮಾಧಾನ ಮಾಡಬಹುದಿತ್ತು. ಮೇಡಂ ಆ ಜಾಣತನ ಮಾಡಲಿಲ್ಲ. ಸುಮ್ಮನೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತರು.

ಬೆಲೆಯಪ್ಪ ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡ. ಬರಿಗೈಯಲ್ಲಿ ಆ ಎರಡು ಪದಗಳ ಪಕ್ಕ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದ. ಚೀಟಿಯಲ್ಲಿ ಬರೆಯಬೇಕಾದ ಅಂಕಿಯನ್ನು ಬರೆದ. ಅದು ಒಂದು ತಿಂಗಳ ಬಾಡಿಗೆಗೂ ಸಾಲುತ್ತಿರಲಿಲ್ಲ. “ನನ್ನ ಕೈಲಿ ಆಗೋದು ಇಷ್ಟೇ ಅಮ್ಮಾ” ಎಂದು ಹೇಳಿ, ಮೆಟ್ಟಿಲಿಳಿಯುವ ಮೊದಲು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ.

ಪುಸ್ತಕವನ್ನು ಮಾರಲಿಲ್ಲ. ಓದುಮನೆ ಉಳಿಯಲೂ ಇಲ್ಲ. ಪುಸ್ತಕಗಳು ನಾಲ್ಕು ಶಾಲೆಗಳಿಗೆ ಹಂಚಿಹೋದವು, ಬಡಗಿಯ ಗಿಡ್ಡ ಕಪಾಟುಗಳು ಒಂದೊಂದಾಗಿ ಮರದ ಮೆಟ್ಟಿಲು ಇಳಿದವು. ‘ಎಡಗಾಲಿನ ಚಪ್ಪಲಿ’ಯನ್ನು ಗೋಂದಕ್ಕ ಮತ್ತೆ ಹೊಲಿದಳು. ಈ ಸಲ ಒಳಮಡಿಕೆಯನ್ನು ಸಡಿಲ ಬಿಟ್ಟು, ಪೂರ್ತಿ ತೆರೆದರೆ ಆ ಎರಡು ಪದ ಕಾಣುವ ಹಾಗೆ. ಮೇಡಂ ಅದನ್ನು ಅವಳಿಗೇ ಕೊಟ್ಟರು.

ಕೊನೆಯ ದಿನ ಖಾಲಿ ಕೋಣೆಯಲ್ಲಿ ಮೇಡಂ ಬೀಗ ಹುಡುಕುತ್ತಿದ್ದಾಗ ಗೋಂದಕ್ಕ ಚೀಲದಿಂದ ಗಂಡ ಬರೆದಿದ್ದ ಹಳೆಯ ಕಾಗದವೊಂದನ್ನು ತೆಗೆದಳು. ಮಡಿಕೆಯಲ್ಲಿ ಹರಿಯುವ ಹಾಗಾಗಿದ್ದ ಅದಕ್ಕೆ ಹಿಂದಿನಿಂದ ತೆಳ್ಳನೆಯ ಹಾಳೆ ಅಂಟಿಸಿ ರಿಪೇರಿ ಮಾಡಿದ್ದಳು. ಅದರ ಮೇಲಿದ್ದ ಊರಿನ ಹೆಸರು ತೋರಿಸಿ, “ಇಲ್ಲಿಗೆ ಬಸ್ಸು ಎಷ್ಟು ಗಂಟೆಗಿದೆ, ಫೋನಲ್ಲಿ ಸ್ವಲ್ಪ ನೋಡ್ತೀರಾ?” ಎಂದಳು.

“ಅಲ್ಲಿ ಈಗ ಯಾರಿದಾರೆ ಅಕ್ಕಾ?”

“ಯಾರೂ ಇಲ್ಲ” ಎಂದಳು ಗೋಂದಕ್ಕ.

ಮೇಡಂ ನೋಡಿ ಹೇಳಿದರು: ಬೆಳಿಗ್ಗೆ ಏಳೂಕಾಲಿಗೆ ಒಂದು, ಆಮೇಲೆ ಹನ್ನೊಂದಕ್ಕೆ. ಬರೆದುಕೊಳ್ಳಲು ಕಿಟಕಿಯ ಕಟ್ಟೆಯ ಮೇಲೆ ಉಳಿದಿದ್ದ ಪೆನ್ಸಿಲ್ ಚೂರೊಂದನ್ನು ಅವಳ ಮುಂದೆ ಹಿಡಿದರು.

“ಪೆನ್ಸಿಲ್ ಬೇಡ” ಎಂದಳು ಗೋಂದಕ್ಕ. “ಪೆನ್ನಿದ್ರೆ ಕೊಡಿ.”